ಜನರಿಲ್ಲದ ಪಟ್ಟಣ: ಬಳ್ಳಾರಿ ಸೀಮೆಯ ಚಿತ್ರ, ಛಾಯಾಚಿತ್ರಗಳಲ್ಲಿ ನಗರದ ರೂಪ

ಬಳ್ಳಾರಿಯನ್ನು ಚಿತ್ರಿಸಹೊರಟವರಿಗೆ ಮೊದಲು ಎದುರಾಗುವುದು ಬಂಡೆ. ಬಯಲಿನ ನಡುವೆ ಒಮ್ಮೆಲೇ ಎದ್ದುನಿಂತ ಬಳ್ಳಾರಿ ಗುಡ್ಡ, ಅದರ ಮೇಲೆ ಹನುಮಪ್ಪ ನಾಯಕನ ಹೆಸರಿನೊಡನೆ ಬೆಸೆದುಕೊಂಡ ಮೇಲುಕೋಟೆ, ಬುಡದಲ್ಲಿ ಹೈದರ್ ಅಲಿಯ ಕಾಲದ ಕೆಳಕೋಟೆ. ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರನು, ಎದುರಿನ ಕುಂಬಾರ ಗುಡ್ಡವು ಇದಕ್ಕಿಂತ ಎತ್ತರವಾಗಿದ್ದು ಅಲ್ಲಿಂದ ಕೋಟೆಯ ಒಳಗು ಕಾಣುತ್ತದೆಂಬುದನ್ನು ಗಮನಿಸದೇ ಹೋದನೆಂದೂ, ಆ ತಪ್ಪಿಗಾಗಿ ಹೈದರನು ಅವನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದನೆಂದೂ ಐತಿಹ್ಯವಿದೆ. ಇದರ ಚಾರಿತ್ರಿಕ ಸತ್ಯಾಸತ್ಯತೆ ಬೇರೆಯ ಮಾತು. ಎಲ್ಲಿ ನಿಂತು ನೋಡಬೇಕು ಎಂಬ ಪ್ರಶ್ನೆಗೆ ಪ್ರಾಣವನ್ನೇ ಬೆಲೆಯಾಗಿಟ್ಟ ಈ ಕಥೆಯು ಈ ಊರಿನ ಚಿತ್ರಗಳ ಚರ್ಚೆಗೂ ಸಲ್ಲುತ್ತದೆ. ಕೆಳಗಿನಿಂದ ನೋಡಿದವನಿಗೆ ಬಂಡೆಯೇ ಚೌಕಟ್ಟನ್ನೆಲ್ಲ ತುಂಬಿ, ಊರು ಅಂಚಿನಲ್ಲೊಂದು ತೆಳು ಪಟ್ಟಿಯಾಗುತ್ತದೆ. ಮೇಲಿನಿಂದ ನೋಡಿದವನಿಗೆ ಮಾಳಿಗೆಗಳೇ ಹೊರತು ಮನುಷ್ಯರು ಸಿಗರು. ಬ್ರೂಸ್‌ಪೇಟೆಯ ಅಂಗಡಿಸಾಲಾಗಲಿ, ಕೌಲ್ ಬಜಾರಿನ ಓಣಿಗಳಾಗಲಿ ಈ ಎರಡು ನೋಟಗಳ ನಡುವೆ ಜಾರಿಹೋಗಿವೆ.

ನಗರವರ್ಣನೆ ಕನ್ನಡಕ್ಕೆ ಹೊಸದೇನಲ್ಲ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಅಲ್ಲಿ ಪೇಟೆಯೆಂದರೆ ವರ್ತಕರು, ಹೂವಾಡಗಿತ್ತಿಯರು, ಸೂಳೆಗೇರಿ, ಜೂಜುಕೋರರು, ಒಟ್ಟಿನಲ್ಲಿ ಜನಜಂಗುಳಿ. ಇಂಥ ಪರಂಪರೆಯುಳ್ಳ ನಾಡಿನ ಪಟ್ಟಣಗಳು ಕ್ಯಾಮರಾದ ಎದುರು ಬರುವ ಹೊತ್ತಿಗೆ ನಿರ್ಜನವಾದದ್ದು ಹೇಗೆಂಬುದು ವಿಚಾರಣೀಯ.

ಇದಕ್ಕೆ ಮೊದಲ ಕಾರಣ ತಾಂತ್ರಿಕವಾದುದು. 1838ರಲ್ಲಿ ದಾಗೆರ್ ಪ್ಯಾರಿಸಿನ ಬೀದಿಯೊಂದನ್ನು ಚಿತ್ರಿಸಿದಾಗ, ಹಗಲಿನ ಸಂಚಾರವೆಲ್ಲವೂ ಫಲಕದಿಂದ ಅಳಿಸಿಹೋಗಿ, ಬೂಟು ಒರೆಸಿಕೊಳ್ಳುತ್ತ ನಿಂತವನೊಬ್ಬನು ಮಾತ್ರ ಸ್ಪಷ್ಟವಾಗಿ ಉಳಿದನು. ನಿಮಿಷಗಟ್ಟಲೆ ಬೆಳಕು ಬೇಡುತ್ತಿದ್ದ ಆ ಉಪಕರಣಕ್ಕೆ ನಡೆಯುವವನು ಕಾಣುತ್ತಿರಲಿಲ್ಲ. ಬಳ್ಳಾರಿ ಸೀಮೆಗೆ ಕ್ಯಾಮರಾ ಬಂದ ಬಗೆಯೂ ಇಂಥದೇ. 2021ರಲ್ಲಿ ವಿಜಯನಗರ ಜಿಲ್ಲೆಯಾಗುವವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಹಂಪಿಯನ್ನು 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್ಲಾ ಮೇಣ ಹಾಕಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ಮುಂಚಿತವಾಗಿ ಸಿದ್ಧಪಡಿಸಿಟ್ಟುಕೊಂಡು, ತೆಗೆದ ಮೇಲೆ ತಡವಾಗಿ ಸಂಸ್ಕರಿಸಬಹುದಾಗಿದ್ದ ಈ ಕಾಗದ ಬಿಸಿಲುನಾಡಿಗೆ ಅನುಕೂಲವಾಗಿತ್ತು. ಆದರೆ ಇದರ ವೇಗ ಬಹಳ ಕಡಿಮೆ. ಕಲ್ಲು ಮಾತ್ರ ಇದಕ್ಕೆ ತಕ್ಕ ವಸ್ತು.

ಗ್ರೀನ್ಲಾನ ಚಿತ್ರಗಳ ಮೌಲ್ಯವನ್ನು ಕಡೆಗಣಿಸುವಂತಿಲ್ಲ. ವಿಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಇದ್ದುದು ಇಂದಿನ ಪ್ರವಾಸಿಗೆ ತಿಳಿಯದು. ಮುಂದೆ ಅದನ್ನು ತೆಗೆದುಹಾಕಲಾಯಿತು. ಅದು ಉಳಿದಿರುವುದು ಆತನ ಚಿತ್ರದಲ್ಲಿ. ದೀರ್ಘಕಾಲ ಮರೆವೆಗೆ ಸಂದಿದ್ದ ಈ ಸಂಗ್ರಹವು 20ನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಳಕಿಗೆ ಬಂದ ಮೇಲೆ, ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಅವರ ಹಂಪಿ ಚಿತ್ರಗಳು ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಅವರ 1991ರ ಗ್ರಂಥದಲ್ಲಿ ಪ್ರಕಟವಾದವು. ಗ್ರೀನ್ಲಾನ ಚಿತ್ರಗಳನ್ನೊಳಗೊಂಡ ಅಲ್ಕಾಜಿ ಸಂಗ್ರಹದ ಸಂಪುಟ 2008ರಲ್ಲಿ ಬಂತು. ಗಾಲಿಂಗ್ಸ್ ಅವರ ಕೈಯಲ್ಲಿದ್ದ ಯಂತ್ರಕ್ಕೆ ಓಡುವ ಮಗುವನ್ನೂ ನಿಲ್ಲಿಸುವ ಶಕ್ತಿಯಿತ್ತು. ಆದರೂ ಆ ಕೆಲಸದ ಒಟ್ಟು ಮನೋಧರ್ಮ ಕಟ್ಟಡದ ಕಡೆಗೇ ವಾಲಿದೆ. 1856ರಲ್ಲಿ ಅನಿವಾರ್ಯವಾಗಿದ್ದ ನಿರ್ಜನತೆಯು ನೂರು ವರ್ಷ ಕಳೆಯುವಷ್ಟರಲ್ಲಿ ಅಭಿರುಚಿಯಾಗಿ ಮಾರ್ಪಟ್ಟಿತು ಎನ್ನಬೇಕಾಗುತ್ತದೆ.

ಈ ಅಭಿರುಚಿಯನ್ನು ಬೆಳೆಸಿದವರಲ್ಲಿ ಪುರಾತತ್ವ ಸರ್ವೇಕ್ಷಣೆಯ ಪಾಲು ದೊಡ್ಡದು. ಅಲೆಕ್ಸಾಂಡರ್ ರೀ ಬಳ್ಳಾರಿ ಜಿಲ್ಲೆಯ ಚಾಲುಕ್ಯ ಗುಡಿಗಳನ್ನು ಕುರಿತು 1896ರಲ್ಲಿ ಪ್ರಕಟಿಸಿದ ಗ್ರಂಥ, ಲಾಂಗ್‌ಹರ್ಸ್ಟ್ 1917ರಲ್ಲಿ ಹಂಪಿಯ ಅವಶೇಷಗಳ ಬಗ್ಗೆ ಬರೆದ ಕೈಪಿಡಿ ಇಂದಿಗೂ ಸಂಶೋಧಕರಿಗೆ ಬೇಕಾದವು. ಅವುಗಳ ಉದ್ದೇಶ ಸ್ಮಾರಕ. ಸ್ಮಾರಕದ ಗೋಡೆಗೆ ಒರಗಿಸಿದ ಬಂಡಿ, ಗುಡಿಯ ಜಗಲಿಯ ಮೇಲಿನ ಮಲಗು ಅವುಗಳಿಗೆ ಅಡಚಣೆ. ಸರ್ವೇಕ್ಷಣೆಯ ಛಾಯಾಚಿತ್ರದಲ್ಲಿ ಆಳೊಬ್ಬ ನಿಂತಿದ್ದರೆ ಅವನು ಕಂಬದ ಎತ್ತರ ತಿಳಿಸುವ ಅಳತೆಗೋಲು. ಆ ಮನುಷ್ಯನು ಯಾವ ಓಣಿಯವನೆಂದು ಕೇಳುವ ಪದ್ಧತಿ ಅಲ್ಲಿಲ್ಲ.

ಚಿತ್ರಗಳ ಈ ರೂಢಿಯು ಪುಸ್ತಕದ ಪುಟಗಳಲ್ಲೇ ಉಳಿದಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. 2011ರ ಜುಲೈ ಕೊನೆಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ವಾಸವಾಗಿದ್ದ, ಅಂಗಡಿ ಇಟ್ಟುಕೊಂಡಿದ್ದ ಕುಟುಂಬಗಳನ್ನು ತೆರವುಗೊಳಿಸಿ, ಅವರು ಕಟ್ಟಿಕೊಂಡಿದ್ದುದನ್ನು ಯಂತ್ರಗಳಿಂದ ಕೆಡವಲಾಯಿತು. ಒತ್ತುವರಿಯ ಕಾನೂನು, ಸ್ಮಾರಕಗಳ ರಕ್ಷಣೆ ಮೊದಲಾದ ವಾದಗಳು ಅಲ್ಲಿದ್ದವು. ಅವುಗಳಲ್ಲಿ ಕೆಲವು ಬಲವಾದವೂ ಹೌದು. ಛಾಯಾಚಿತ್ರಗಳೇ ಇದಕ್ಕೆ ಕಾರಣವೆನ್ನುವುದು ಅತಿಮಾತಾದೀತು. ಆದರೆ ‘ನಿಜವಾದ ಹಂಪಿ’ ಎಂದರೆ ಖಾಲಿ ಹಂಪಿ ಎಂಬ ಕಲ್ಪನೆ ಎಲ್ಲಿಂದ ಬಂತೆಂದು ಹುಡುಕಿದರೆ, ಒಂದೂವರೆ ಶತಮಾನದ ಚಿತ್ರಪುಟಗಳ ಮುಂದೆ ಬಂದು ನಿಲ್ಲಬೇಕಾಗುತ್ತದೆ. ಬಜಾರು ಎಂಬ ಹೆಸರಿನ ಬೀದಿಯಲ್ಲಿ ವ್ಯಾಪಾರವೇ ಅಸಂಗತವೆಂದು ತೋರಿದ್ದು ಕಣ್ಣಿನ ಅಭ್ಯಾಸವೂ ಹೌದು.

ಇನ್ನೊಂದು ದಿಕ್ಕಿನಲ್ಲಿ, ಜನರು ಮಾತ್ರ ಉಳಿದು ಊರು ಕಾಣೆಯಾದ ಚಿತ್ರಗಳಿವೆ. 1876–78ರ ಬರದಲ್ಲಿ ಬಳ್ಳಾರಿ ಜಿಲ್ಲೆ ತೀವ್ರವಾಗಿ ನಲುಗಿತು. 1877ರ ಅಕ್ಟೋಬರಿನಲ್ಲಿ ಲಂಡನ್ನಿನ ‘ದಿ ಗ್ರಾಫಿಕ್’ ವಾರಪತ್ರಿಕೆಯು ಬಳ್ಳಾರಿ ಜಿಲ್ಲೆಯ ದನಕರುಗಳ ಮತ್ತು ಮನುಷ್ಯರ ದುರವಸ್ಥೆಯನ್ನು ತೋರಿಸುವ ಕೆತ್ತನೆಯ ಚಿತ್ರವನ್ನು ಅಚ್ಚುಮಾಡಿತು. ಅದೇ ಬರದ ಕಾಲದಲ್ಲಿ ಮದ್ರಾಸ್ ಪ್ರಾಂತದಲ್ಲಿ ಸೈನ್ಯಾಧಿಕಾರಿ ವಿಲ್ಲೋಬಿ ಹೂಪರ್ ತೆಗೆದ ಛಾಯಾಚಿತ್ರಗಳಲ್ಲಿ ಎಲುಬುಗೂಡಾದ ಜನರನ್ನು ಸಾಲಾಗಿ ಕೂರಿಸಲಾಗಿದೆ. ಹಸಿದವರನ್ನು ಹೀಗೆ ಜೋಡಿಸಿ ಚಿತ್ರ ತೆಗೆದ ಬಗೆ ಆಗಲೇ ಟೀಕೆಗೆ ಗುರಿಯಾಗಿತ್ತು. ಇವರು ಯಾವ ಪೇಟೆಯ ಬಾಗಿಲಲ್ಲಿ ಕೂತಿದ್ದರು, ಧಾನ್ಯದ ಅಂಗಡಿ ಎಷ್ಟು ದೂರದಲ್ಲಿತ್ತು ಎಂಬುದನ್ನು ಚಿತ್ರ ಹೇಳುವುದಿಲ್ಲ. ಪಟ್ಟಣವನ್ನು ಬಿಟ್ಟು ತೋರಿಸಿದ ಬರವು ಪ್ರಕೃತಿಯ ಕೋಪವಾಗಿ ಮಾತ್ರ ಕಾಣುತ್ತದೆ.

ಹಾಗಾದರೆ ಬಳ್ಳಾರಿಯ ಜನರು ತಾವೇ ನೋಡಿದ ನಗರಚಿತ್ರ ಯಾವುದು? ಇದಕ್ಕೆ ಉತ್ತರ ಕಲಾಶಾಲೆಗಳಲ್ಲಿಲ್ಲ, ರಂಗಭೂಮಿಯಲ್ಲಿದೆ. ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮ ಸಭಾ, ಆ ಬಳಿಕ ಬಳ್ಳಾರಿ ರಾಘವ ಇವರಿಂದಾಗಿ 19ನೆಯ ಶತಮಾನದ ಕೊನೆಯಿಂದಲೇ ಬಳ್ಳಾರಿ ನಾಟಕದ ಊರಾಗಿತ್ತು. ಪಾರ್ಸಿ ಕಂಪನಿಗಳಿಂದ ಬಂದ ಬಣ್ಣದ ಪರದೆಗಳಲ್ಲಿ ದರ್ಬಾರು, ಅಡವಿ, ಅಂತಃಪುರಗಳ ಜೊತೆಗೆ ‘ರಸ್ತೆ ಸೀನು’ ಇರಲೇಬೇಕಿತ್ತು. ಎರಡೂ ಬದಿಗೆ ಮಹಡಿಮನೆಗಳು, ದೂರದಲ್ಲೊಂದು ಕಮಾನು, ಒಂದೇ ಬಿಂದುವಿನಲ್ಲಿ ಸೇರುವ ಗೆರೆಗಳು. ಇದು ಯಾವ ಊರಿನ ರಸ್ತೆಯೂ ಅಲ್ಲ. ಅಯೋಧ್ಯೆಗೂ ಅದೇ, ಹಸ್ತಿನಾಪುರಕ್ಕೂ ಅದೇ. ದೀಪದ ಕಂಬವಿದ್ದರೆ ಅದೇ ಸಾಮಾಜಿಕ ನಾಟಕಕ್ಕೂ ನಡೆಯುತ್ತಿತ್ತು. ಅದರ ಪ್ರಯೋಜನವೂ ಕುತೂಹಲಕರವಾದುದು. ರಂಗದ ಮುಂಭಾಗದಲ್ಲಿ ರಸ್ತೆ ಪರದೆ ಇಳಿಸಿ, ಅದರ ಮುಂದೆ ಹಾಸ್ಯಪಾತ್ರಗಳನ್ನು ಬಿಟ್ಟು, ಹಿಂದೆ ದೊಡ್ಡ ದೃಶ್ಯವನ್ನು ಅಣಿಗೊಳಿಸುತ್ತಿದ್ದರು. ಅಂದರೆ ರಸ್ತೆಯೆಂಬುದು ಸೇವಕರು, ಕುಡುಕರು, ಸಾಲಗಾರರು ಅಡ್ಡಾಡುವ ಜಾಗ. ಅರಸನ ಬಾಯಲ್ಲಿ ಕಂದಪದ್ಯ, ರಸ್ತೆಯವನ ಬಾಯಲ್ಲಿ ಆಡುಮಾತು. ಪರದೆಯಲ್ಲಿ ಒಬ್ಬ ಮನುಷ್ಯನನ್ನೂ ಬರೆಯದೆ ಬಿಟ್ಟದ್ದು ಇಲ್ಲಿ ಕೊರತೆಯಾಗಲಿಲ್ಲ. ಜೀವಂತ ಮನುಷ್ಯರು ಅದರ ಮುಂದೆಯೇ ನಿಂತಿದ್ದರು. ಈ ಪರದೆಗಳನ್ನು ಬರೆದ ಕಲಾವಿದರ ಹೆಸರು ಕಲೆಯ ಇತಿಹಾಸಗಳಲ್ಲಿ ಬಹುಮಟ್ಟಿಗೆ ದಾಖಲಾಗಲಿಲ್ಲ.

ಇದೇ ಮಾತು ಛಾಯಾಚಿತ್ರದ ಸ್ಟುಡಿಯೋಗಳಿಗೂ ಅನ್ವಯಿಸುತ್ತದೆ. ಸಿರುಗುಪ್ಪದಂಥ ಪಟ್ಟಣದಲ್ಲಿ ಮದುವೆಯ ಜೋಡಿಯೋ ಶಾಲೆ ಮುಗಿಸಿದ ಹುಡುಗನೋ ಸ್ಟುಡಿಯೋಗೆ ಹೋದರೆ, ಬೆನ್ನ ಹಿಂದೆ ಸಿರುಗುಪ್ಪವಿರುತ್ತಿರಲಿಲ್ಲ. ಮೆಟ್ಟಿಲು, ಕಂಬಸಾಲು, ಕಾರಂಜಿ, ಯಾವುದೋ ದೇಶದ ಉದ್ಯಾನ ಬರೆದ ಪರದೆ ಇರುತ್ತಿತ್ತು. ವಿಮರ್ಶಕರು ಇದನ್ನು ಕೃತಕವೆಂದು ತಳ್ಳಿಹಾಕುವುದು ರೂಢಿ. ಅದು ಅವಸರದ ತೀರ್ಮಾನ. ಊರು ಹೇಗಿತ್ತೆಂಬುದನ್ನು ಈ ಚಿತ್ರ ಹೇಳದಿರಬಹುದು, ಊರಿನವರು ಎಂಥ ಊರನ್ನು ಬಯಸಿದರೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ದಾಖಲೆ ಮತ್ತೊಂದಿಲ್ಲ. ತುಂಗಭದ್ರೆಯ ದಂಡೆಯ ಸಿರುಗುಪ್ಪಕ್ಕೆ ವಿಜಯನಗರ ಕಾಲದ ಕಾಲುವೆಯಿದೆ. 1953ರಲ್ಲಿ ಜಲಾಶಯದ ನೀರು ಹರಿಯತೊಡಗಿದ ಮೇಲೆ ಭತ್ತ, ಅಕ್ಕಿ ಗಿರಣಿ, ಲಾರಿ, ಹೊಸ ಮಹಡಿ ಎಲ್ಲವೂ ಸೀಮೆಗೆ ಬಂದವು. ಕಾಲುವೆಯ ದುಡ್ಡು ಹುಟ್ಟಿಸಿದ ಈ ಪಟ್ಟಣದ ಮೇಲೆ ಹೆಸರಾಂತ ಚಿತ್ರಕಾರರ ಕಣ್ಣು ಬಿದ್ದಂತಿಲ್ಲ. ಅಣೆಕಟ್ಟನ್ನು ಚಿತ್ರಿಸಿದರು, ಗದ್ದೆಯ ಹಸಿರನ್ನು ಚಿತ್ರಿಸಿದರು. ಗಿರಣಿಯ ಅಂಗಳದಲ್ಲಿ ಭತ್ತ ಹರವುವ ಹೆಂಗಸರು ಸಿಗಬೇಕಾದರೆ ಮನೆಗಳ ಗೋಡೆಯ ಚೌಕಟ್ಟುಗಳಲ್ಲಿ, ಅದೂ ಹಬ್ಬದ ಸೀರೆಯಲ್ಲಿ, ಕಾರಂಜಿಯ ಪರದೆಯ ಮುಂದೆ ಹುಡುಕಬೇಕು. ಫಿಲ್ಮಿನ ಕಾಲ ಮುಗಿದು ಡಿಜಿಟಲ್ ಬಂದಂತೆ ಸ್ಟುಡಿಯೋಗಳ ನೆಗೆಟಿವ್ ಪೆಟ್ಟಿಗೆಗಳಿಗೆ ಕೇಳುವವರಿಲ್ಲದಂತಾಯಿತು. ಗ್ಲಾಸ್ಗೋ ನಗರವು ತಾನು ಕೆಡವಲಿದ್ದ ಓಣಿಗಳನ್ನು 1868ರಿಂದ 1871ರ ನಡುವೆ ಥಾಮಸ್ ಅನ್ನನ್ ಎಂಬಾತನಿಂದ ಮುಂಚೆಯೇ ಚಿತ್ರ ತೆಗೆಸಿಟ್ಟಿತು. ಇಲ್ಲಿ ತಾನಾಗಿ ಸಿದ್ಧವಾಗಿದ್ದ ಸಂಗ್ರಹ ಗೆದ್ದಲಿನ ಪಾಲಾಗುತ್ತಿದೆ.

ಕರ್ನಾಟಕದ ಚಿತ್ರಕಲೆಯಲ್ಲಿ ನಗರವೇ ಇಲ್ಲವೆಂದಲ್ಲ. ರುಮಾಲೆ ಚನ್ನಬಸವಯ್ಯನವರ ಬೆಂಗಳೂರಿನ ಬೀದಿಗಳು ಪ್ರಸಿದ್ಧ. ಅವು ಹೂಬಿಟ್ಟ ಮರಗಳ ಬೀದಿಗಳು, ಮನುಷ್ಯರು ಮರದ ನೆರಳಿನಲ್ಲಿ ಚುಕ್ಕೆಗಳು. ಬಳ್ಳಾರಿಯ ಬಿಸಿಲಿಗೆ ಅಂಥ ಮಾದರಿ ಹೊಂದದು. ಸಂಡೂರಿನ ವಿ.ಟಿ. ಕಾಳೆಯವರು ಲಂಬಾಣಿಗಳ ಬದುಕನ್ನು ಬಣ್ಣಕ್ಕೆ ತಂದು ಹೆಸರಾದರು. ಅಲ್ಲಿ ಜನರಿದ್ದಾರೆ, ಪಟ್ಟಣವಿಲ್ಲ. ಪುರಾಣಕ್ಕೆ ಮೀಸಲಾಗಿದ್ದ ತೊಗಲುಗೊಂಬೆಯಲ್ಲಿ ಗಾಂಧಿಯ ಕಥೆಯನ್ನು ಆಡಿಸಿದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು (ನಿಧನ 2023) ಸಮಕಾಲೀನ ಮನುಷ್ಯನನ್ನು ಪರದೆಯ ಮೇಲೆ ತಂದರು. ಇದು ಚಿತ್ರಕಾರರಿಗಿಂತ ಒಂದು ಹೆಜ್ಜೆ ಮುಂದು.

ಗಣಿಯ ಕಾಲದಲ್ಲಿ ಬಳ್ಳಾರಿಯ ಹೆಸರು ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿಗಳು 2008 ಮತ್ತು 2011ರಲ್ಲಿ ಸಲ್ಲಿಕೆಯಾದವು. ಹಂಪಿಯ ಬಜಾರು ತೆರವಾದ ಅದೇ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ವರ್ಷಗಳ ಛಾಯಾಚಿತ್ರಗಳೆಂದರೆ ಕೆಂಪು ಗುಂಡಿ, ಲಾರಿಸಾಲು, ಧೂಳು. ಪುನೀತ್ ರಾಜ್‌ಕುಮಾರ್ ಜಿಲ್ಲಾಧಿಕಾರಿಯಾಗಿ ನಟಿಸಿದ ‘ಪೃಥ್ವಿ’ (2010) ಚಿತ್ರದಲ್ಲೂ ಊರು ಸಂಘರ್ಷದ ಹಿನ್ನೆಲೆಯಷ್ಟೇ. ಅನ್ಯಾಯವನ್ನು ತೋರಿಸಲು ಆ ಕೆಂಪು ಬೇಕಿತ್ತು, ಸರಿ. ಆದರೆ ಅದೇ ಹೊತ್ತಿನಲ್ಲಿ ಬಳ್ಳಾರಿಯ ಮನೆಮನೆಗಳಲ್ಲಿ ಜೀನ್ಸ್ ಹೊಲಿಯುತ್ತಿದ್ದವರು, ಗುಂಡಿ ಕಾಜ ಹಾಕುತ್ತಿದ್ದವರು, ನೀಲಿ ಬಟ್ಟೆಯ ಗಂಟನ್ನು ಸೈಕಲ್ಲಿಗೆ ಕಟ್ಟಿ ಒಯ್ಯುತ್ತಿದ್ದವರು ಈ ನಗರದ ದಿನಚರಿಯಾಗಿದ್ದರು. ಕೆಂಪು ಬಳ್ಳಾರಿಯ ಚಿತ್ರಗಳು ಸಾವಿರ, ನೀಲಿ ಬಳ್ಳಾರಿಯವು ಬೆರಳೆಣಿಕೆಯವು.

ಹಾಗೆ ನೋಡಿದರೆ ಈ ಸೀಮೆಯ ಪಟ್ಟಣಗಳ ಉತ್ತಮ ಚಿತ್ರಗಳು ಬೇರೇನನ್ನೋ ತೆಗೆಯಹೋದಾಗ ಸಿಕ್ಕವು. ಕುರುಗೋಡು ಇದಕ್ಕೆ ಒಳ್ಳೆಯ ನಿದರ್ಶನ. ಸಿಂದರ ಕಾಲದ ಈ ರಾಜಧಾನಿಯಲ್ಲಿ, ಗುಡ್ಡದ ಬುಡದ ಚಾಲುಕ್ಯ ಗುಡಿಗಳ ಚಿತ್ರಗಳು ಸರ್ವೇಕ್ಷಣೆಯ ರೂಢಿಯಂತೆ ನಿರ್ಜನ. ದೊಡ್ಡಬಸವೇಶ್ವರ ಗುಡಿಯ ಬೃಹತ್ ನಂದಿಯ ಚಿತ್ರಗಳಲ್ಲೂ ಭಕ್ತರು ಅಂಚಿಗೆ ಸರಿದಿರುತ್ತಾರೆ. ಆದರೆ ವರ್ಷಕ್ಕೊಮ್ಮೆ ತೇರು ಎಳೆಯುವ ದಿನ ಪತ್ರಿಕೆಗಳ ಛಾಯಾಗ್ರಾಹಕರು ಎದುರಿನ ಮಾಳಿಗೆ ಹತ್ತುತ್ತಾರೆ. ಅವರಿಗೆ ಬೇಕಾದುದು ತೇರು. ಸಿಗುವುದು ಬೀದಿ. ಮಾಳಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ಹುಡುಗರು, ಅರ್ಧ ಕಟ್ಟಿ ನಿಲ್ಲಿಸಿದ ಮಹಡಿಯಿಂದ ಮೇಲೆದ್ದ ಕಬ್ಬಿಣದ ಸರಳುಗಳು, ಗೊಬ್ಬರದಂಗಡಿಯ ಫಲಕ, ತಲೆಯ ಮೇಲೆ ಹಾದುಹೋದ ತಂತಿಗಳು, ಬಾಳೆಹಣ್ಣು ಎಸೆಯಲು ಮೇಲೆತ್ತಿದ ನೂರಾರು ಕೈಗಳು. ಒಂದೇ ಮೂಲೆಯಿಂದ ಹಲವು ವರ್ಷ ತೆಗೆದ ಇಂಥ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ, ತೇರು ಇದ್ದಲ್ಲೇ ಇದ್ದು ಅದರ ಸುತ್ತಲಿನ ಊರು ಹಂಚಿನಿಂದ ಕಾಂಕ್ರೀಟಿಗೆ, ಹಳ್ಳಿಯಿಂದ ತಾಲೂಕು ಕೇಂದ್ರಕ್ಕೆ ಸಾಗಿದ್ದು ಕಾಣುತ್ತದೆ. ಪತ್ರಿಕೆಗಳಲ್ಲಿ ಅಚ್ಚಾಗುವಾಗ ಅಂಚುಗಳನ್ನು ಕತ್ತರಿಸಿ ತೇರನ್ನಷ್ಟೇ ಉಳಿಸಿಕೊಳ್ಳುವುದು ವಾಡಿಕೆ.