ಅಂಡಿಗೆ ಬಿಗಿದ ತಂತಿ

ಕುರುಗೋಡು ಸೀಮೆಯ ಎರೆಹೊಲದಲ್ಲಿ ಬಿಡಿಸಿದ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಬೀಜ ಕಳಚಿ ಅರಳೆಯಾಗುತ್ತದೆ. ಪ್ರೆಸ್ಸು ಅದನ್ನು ಅದುಮಿ ಸುಮಾರು 170 ಕಿಲೋದ ಅಂಡಿಗೆ ಮಾಡುತ್ತದೆ. ಒತ್ತಡ ಬಿಟ್ಟೊಡನೆ ಅರಳೆ ಮತ್ತೆ ಉಬ್ಬಲು ಹವಣಿಸುತ್ತದೆ. ತಡೆದು ನಿಲ್ಲಿಸುವುದು ಉಕ್ಕಿನ ತಂತಿ. ಹಿಂದೆ ಹಡಗೇರುತ್ತಿದ್ದ ಅಂಡಿಗೆಗಳಿಗೆ ಕಬ್ಬಿಣದ ಪಟ್ಟಿಯಿತ್ತು. ಎಳೆದರೆ ಹರಿಯದ, ತಿರುಚಿದರೆ ಗಂಟಾಗಿ ಕೂರುವ ಈ ತಂತಿಯ ಗುಣ ನನಗೆ ಬಲು ಇಷ್ಟ.

ಅಮೆರಿಕದಲ್ಲಿ ಒಣಹುಲ್ಲಿನ ಪೆಂಡಿಗೂ ತಂತಿಯೇ ಇತ್ತು. ಅದರ ಚೂರು ಮೇವಿನೊಡನೆ ದನದ ಹೊಟ್ಟೆ ಸೇರಿ ಗುಂಡಿಗೆಯವರೆಗೂ ಚುಚ್ಚುತ್ತಿತ್ತು. ದಾರ ಬಂದದ್ದು ಒಳ್ಳೆಯದೇ ಆಯಿತು. ಸಿರುಗುಪ್ಪದಂಥ ಭತ್ತದ ಸೀಮೆಯಲ್ಲಿ ಹುಲ್ಲು ಸುತ್ತುವ ಬೇಲರ್ ಯಂತ್ರಕ್ಕೆ ದಾರವೇ ಸರಿ. ತಂತಿಗೇನೂ ಕೆಲಸ ತಪ್ಪಿಲ್ಲ. ಕಾಸಿ ಮೆದುಗೊಳಿಸಿದ ಅದರ ತಮ್ಮ, ಬೈಂಡಿಂಗ್ ವೈರು, ಬಳ್ಳಾರಿಯಲ್ಲಿ ಏಳುವ ಮನೆಗಳ ಕಂಬಿಗೆ ಕಂಬಿ ಬಿಗಿಯುತ್ತಿದೆ.