ಎದುರು ಗಾಳಿಯ ದಾಂಪತ್ಯ

ಹಾಯಿದೋಣಿಯ ಪ್ರವಾಸಕಥನಗಳನ್ನು ಓದುವ ಚಟ ನನಗೆ ಹಿಡಿದದ್ದು ಫ್ಲೋರಾ ಫೌಂಟನ್ ಬಳಿಯ ಕಾಲುದಾರಿಯಲ್ಲಿ. ಕಚೇರಿ ಬಿಟ್ಟು ಆಗಿನ ವಿ.ಟಿ.ಗೆ ನಡೆಯುವಾಗ ಅಲ್ಲಿ ಹರಡಿದ ಹಳೆಯ ಪುಸ್ತಕಗಳ ರಾಶಿಯಲ್ಲಿ ಕೈಯಾಡಿಸದೆ ಮುಂದೆ ಹೋದ ದಿನ ಕಡಿಮೆ. ಊರಿನ ಕಡಲನ್ನು ಬಿಟ್ಟುಬಂದವನಿಗೆ ನಾಲ್ಕೈದು ರೂಪಾಯಿಗೆ ಬೇರೆಯವರ ಕಡಲು ಸಿಗುತ್ತಿತ್ತು. ಈ ಜಾತಿಯ ಪುಸ್ತಕಗಳನ್ನು ಅಷ್ಟಿಷ್ಟು ಓದಿದ ಮೇಲೆ ನನಗೆ ಒಂದು ಅನುಮಾನ ಬಂತು. ಬಿರುಗಾಳಿಯನ್ನು ಎಲ್ಲರೂ ಬರೆಯುತ್ತಾರೆ, ಬಂದರನ್ನು ಬರೆಯುತ್ತಾರೆ, ತಿಮಿಂಗಿಲ ಕಂಡರೆ ಅದಕ್ಕೇ ಒಂದು ಅಧ್ಯಾಯ ಮೀಸಲಿಡುತ್ತಾರೆ. ಆದರೆ ಎದುರು ಗಾಳಿಯಲ್ಲಿ ಕರಾವಳಿಯ ಗುಂಟ ಒದ್ದಾಡಿದ ನಾಲ್ಕು ದಿನಗಳು ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತವೆ. ಅಂಥ ಪ್ರಯಾಣ ಗಂಡಹೆಂಡಿರಿಬ್ಬರದೇ ಆಗಿದ್ದರೆ, ನನ್ನ ಮಟ್ಟಿಗೆ, ಪುಸ್ತಕದ ಜೀವ ಇರುವುದು ಆ ಬಿಟ್ಟುಹೋದ ಪುಟಗಳಲ್ಲಿಯೇ.

ಯಾಕೆಂದು ಹೇಳಬೇಕು. ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗುತ್ತ, ಹಾವಿನ ಹಾಗೆ ಸಾಗಬೇಕು. 10 ಮೈಲಿ ದೂರಕ್ಕೆ ಲೆಕ್ಕದ ಪ್ರಕಾರ 14 ಮೈಲಿ ಓಡಬೇಕಾಗುತ್ತದೆ; ಅಲೆಗಳು ತಳ್ಳಿ ದೋಣಿಯ ಓರೆ 60 ಡಿಗ್ರಿಗೆ ಜಾರಿತೆಂದರೆ ಅದೇ 20 ಮೈಲಿ. ಪ್ರವಾಹವೂ ಎದುರಾದರೆ ಬೆಳಿಗ್ಗೆ ಕಂಡ ಗುಡ್ಡವೇ ಸಂಜೆಗೂ ಎದುರಿಗೆ ನಿಂತಿರುತ್ತದೆ. ದಡ ಹತ್ತಿರವಿದ್ದಾಗ ಎರಡು ಓರೆಗಳಲ್ಲಿ ಒಂದು ಬಂಡೆಯ ಕಡೆಗೇ ಒಯ್ಯುತ್ತದೆ. ತಿರುಗಿಸುವ ಹೊತ್ತಿಗೆ ಚುಕ್ಕಾಣಿ ಹಿಡಿದವರೊಬ್ಬರು, ಹಾಯಿಯ ಹಗ್ಗ ಎಳೆಯುವವರೊಬ್ಬರು ಬೇಕೆಂದರೆ ಮಲಗಿದವರನ್ನು ಎಬ್ಬಿಸಲೇಬೇಕು. ದೋಣಿ ದಿನಗಟ್ಟಲೆ ಒಂದೇ ಮಗ್ಗುಲಿಗೆ ವಾಲಿರುತ್ತದೆ. ತಿರುಗಿದ ಕೂಡಲೆ ನೆಲವಾಗಿದ್ದದ್ದು ಗೋಡೆಯಾಗುತ್ತದೆ. ಸ್ಟೋವನ್ನು ತೊಟ್ಟಿಲಿನಂತೆ ತೂಗುಹಾಕಿರುತ್ತಾರೆ. ಅನ್ನ ಬೇಯಿಸುವವರನ್ನು ಮಾತ್ರ ಹಾಗೆ ತೂಗುಹಾಕಲಾಗುವುದಿಲ್ಲ! ಹಿಂದಿನಿಂದ ಗಾಳಿ ಬೀಸುವಾಗ ದಂಪತಿಗಳು ಮುನಿಸಿಕೊಂಡಿದ್ದರೂ ದೋಣಿ ಮುಂದೆ ಹೋಗುತ್ತದೆ. ಎದುರು ಗಾಳಿಗೆ ಅದು ನಡೆಯದು. ಸಭ್ಯಸ್ಥರು ಎದುರು ಗಾಳಿಗೆ ಹಾಯಿ ಬಿಡುವುದಿಲ್ಲವೆಂದು ಇಂಗ್ಲಿಷ್ ನಾವಿಕರಲ್ಲಿ ಒಂದು ತಮಾಷೆಯ ಮಾತಿದೆ.

ನಮ್ಮ ಕಡಲಿನವರಿಗೆ ಆ ಆಯ್ಕೆ ಇರಲಿಲ್ಲ. ನೂಲಹುಣ್ಣಿಮೆಯ ಸಮುದ್ರಪೂಜೆ ಮುಗಿದು, ಮಳೆಗಾಲದ ಕಡಲು ತಣ್ಣಗಾದ ಮೇಲೆ ಮಂಗಳೂರು ಹಂಚು ಹೇರಿಕೊಂಡು ಮುಂಬಯಿಗೆ ಹೊರಡುತ್ತಿದ್ದ ಮಂಜಿ, ಪತ್ತೆಮಾರಿಗಳಿಗೆ ಮಧ್ಯಾಹ್ನದ ವಾಯವ್ಯ ಗಾಳಿ ಹೆಚ್ಚುಕಡಿಮೆ ಎದುರಾಗಿಯೇ ಸಿಗುತ್ತಿತ್ತು. ರಾತ್ರಿ ನೆಲದ ಮೇಲಿನಿಂದ ಬೀಸುವ ಗಾಳಿಯನ್ನು ಹಿಡಿದು ದಡದ ಮಗ್ಗುಲಲ್ಲಿ ಬಡಗಣಕ್ಕೆ ಸಾಗುವುದು, ಹಗಲು ಓರೆಯಾಗಿ ಹೊರಕ್ಕೆ ಹೋಗಿ ಮತ್ತೆ ಒಳಕ್ಕೆ ಬರುವುದು, ಇದು ಅವರ ಕ್ರಮ. ಹೀಗೆ ಬಂದ ಹಂಚಿನ ಕೆಳಗೆ ಈ ನಗರದಲ್ಲಿ ಎಷ್ಟೋ ಸಂಸಾರಗಳು ಬಾಳಿವೆ. ಆದರೆ ತಂಡೇಲರು ಪುಸ್ತಕ ಬರೆಯುವ ಗೊಡವೆಗೆ ಹೋದವರಲ್ಲ. ಹಾಗಾಗಿ ನಾನು ಇಂಗ್ಲಿಷಿನ ಕಡೆಗೇ ತಿರುಗಬೇಕಾಯಿತು.

ಅಲ್ಲಿ ಮೊದಲು ಸಿಕ್ಕಿದ್ದು ಮೈಲ್ಸ್ ಸ್ಮೀಟನ್ನರ ‘ವನ್ಸ್ ಈಸ್ ಇನಫ್’ (1959). ಮೈಲ್ಸ್ ಹಿಂದೆ ನಮ್ಮ ದೇಶದ ಸೈನ್ಯದಲ್ಲಿ, ಹಾಡ್ಸನ್ಸ್ ಹಾರ್ಸ್ ದಳದಲ್ಲಿ, ಅಧಿಕಾರಿಯಾಗಿದ್ದವರು. ಬರ್ಮಾ ಯುದ್ಧ ಕಂಡವರು. ಹೆಂಡತಿ ಬೆರಿಲ್ ಇನ್ನೂ ಗಟ್ಟಿಗಿತ್ತಿ. 1939ರಲ್ಲಿ ಚಿತ್ರಾಲದ ತಿರಿಚ್ ಮೀರ್ ಶಿಖರವನ್ನು ಏರಲು ಈ ದಂಪತಿಗಳು ಹೋದಾಗ ಜೊತೆಗಿದ್ದವರು ತೇನ್‌ಸಿಂಗ್. ಎವರೆಸ್ಟಿನ ಕೀರ್ತಿ ಅವರಿಗೆ ಬರುವುದಕ್ಕೆ 14 ವರ್ಷ ಮೊದಲು. ಯುದ್ಧ ಮುಗಿದ ಮೇಲೆ ಸ್ಮೀಟನ್ನರು ಕೆನಡದಲ್ಲಿ ಜಮೀನು ಮಾಡಿದರು. ಹಾಯಿ ಬಿಡಲು ಸರಿಯಾಗಿ ಬಾರದ ಕಾಲದಲ್ಲೇ ‘ತ್ಸು ಹಾಂಗ್’ ಎಂಬ 46 ಅಡಿಯ ದೋಣಿಯನ್ನೂ ಕೊಂಡರು.

ಡಿಸೆಂಬರ್ 1956ರಲ್ಲಿ ಮೆಲ್ಬರ್ನ್ ಬಿಟ್ಟು, ಪಡುವಣ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು, ಅವರು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಕಡೆಗೆ ಹೊರಟರು. ಜೊತೆಗೆ ಜಾನ್ ಗಜ್ವೆಲ್ ಎಂಬ ತರುಣ, ಒಂದು ಬೆಕ್ಕು. 1957ರ ಫೆಬ್ರವರಿ 14ರಂದು, ತೀರ ಇನ್ನೂ ಸುಮಾರು 1,000 ಮೈಲಿ ದೂರವಿರುವಾಗ, ಹಿಂದಿನಿಂದ ಎದ್ದ ಒಂದು ಅಲೆ ದೋಣಿಯನ್ನು ಮುಂದಲೆಯ ಮೇಲೆ ಲಾಗ ಹೊಡೆಸಿಬಿಟ್ಟಿತು. ಚುಕ್ಕಾಣಿಯಲ್ಲಿದ್ದ ಬೆರಿಲ್ ಸೊಂಟಕ್ಕೆ ಕಟ್ಟಿಕೊಂಡ ಹಗ್ಗ ಹರಿದು ಸಮುದ್ರಕ್ಕೆ ಬಿದ್ದರು. ಎರಡೂ ಹಾಯಿಕಂಬಗಳು ಮುರಿದಿದ್ದವು, ಚುಕ್ಕಾಣಿ ಹೋಗಿತ್ತು, ಮೇಲಟ್ಟದಲ್ಲಿ ದೊಡ್ಡ ತೂತು ಬಿದ್ದಿತ್ತು. ಗಾಯಗೊಂಡ ಆಕೆ ಮುರಿದ ಕಂಬದ ಬಳಿಗೆ ಈಜಿ ಬಂದರು. ಮೇಲೆ ಎಳೆದುಕೊಂಡ ಮೇಲೆ ಬಕೆಟ್ ಹಿಡಿದು ನೀರು ಮೊಗೆಯಲು ನಿಂತರು. ಆ ನೀರು ಮೊಗೆಯುವ ಪುಟಗಳು ಈ ಸಾಹಿತ್ಯದ ಶ್ರೇಷ್ಠ ಪುಟಗಳಲ್ಲಿ ಸೇರುತ್ತವೆ. ಮೈಲ್ಸ್ ಅಲ್ಲಿ ದನಿ ಏರಿಸುವುದಿಲ್ಲ. ಯಾರು ಏನು ಮಾಡಿದರೆಂದಷ್ಟೇ ಹೇಳುತ್ತಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಚಿಲಿಯಿಂದ ಈ ಸಲ ದಂಪತಿಗಳಿಬ್ಬರೇ ಮತ್ತೆ ಹೊರಟರು. 26ರಂದು ದೋಣಿ ಮತ್ತೆ ಉರುಳಿತು, ಕಂಬಗಳು ಮತ್ತೆ ಹೋದವು.

ಇನ್ನು ಮುಂದಿನದು ವಿಚಿತ್ರ. 1968ರಲ್ಲಿ, ಇಬ್ಬರೂ ಅರವತ್ತು ದಾಟಿದ ಮೇಲೆ, ಬಾಬ್ ನ್ಯಾನ್ಸ್ ಎಂಬ ತರುಣನನ್ನು ಜೊತೆಗೆ ಕರೆದುಕೊಂಡು, ಅದೇ ದೋಣಿಯಲ್ಲಿ ಅವರು ಹಾರ್ನನ್ನು ಸುತ್ತಿಯೇಬಿಟ್ಟರು. ಅದೂ ಮೂಡಣದಿಂದ ಪಡುವಣಕ್ಕೆ, ಗಾಳಿಗೆ ಎದುರಾಗಿ! 1788ರಲ್ಲಿ ‘ಬೌಂಟಿ’ ಹಡಗಿನ ಬ್ಲೈ ಸುಮಾರು ಒಂದು ತಿಂಗಳು ಗುದ್ದಾಡಿ, ಆಗದೆಂದು ಆಫ್ರಿಕದ ಕಡೆಗೆ ಮುಖ ತಿರುಗಿಸಿದ ದಾರಿ ಅದು. ಅನುಕೂಲ ಗಾಳಿ ಎರಡು ಸಲ ಮುಳುಗಿಸಹೊರಟಿತ್ತು. ಪ್ರತಿಕೂಲ ಗಾಳಿ ದಾಟಿಸಿತು. ‘ಬಿಕಾಸ್ ದ ಹಾರ್ನ್ ಈಸ್ ದೇರ್’ (1970) ಆ ಪ್ರಯಾಣದ ಕಥೆ. ಹಿಂದಿನ ಪುಸ್ತಕಕ್ಕಿದ್ದ ಹೆಸರು ಇದಕ್ಕೆ ಬರಲಿಲ್ಲ. ಓದುಗನಿಗೆ ಅಪಘಾತ ಬೇಕು. ಸರಿಯಾಗಿ ನಡೆದ ಕೆಲಸ ಬೇಡ. ಈ ರುಚಿಯನ್ನು ನಾನು ಒಪ್ಪುವುದಿಲ್ಲ.

ಆದರೆ ಮೈಲ್ಸರ ಬಗ್ಗೆ ನನಗೊಂದು ತಕರಾರಿದೆ. ಬೆರಿಲ್ ಏನು ಮಾಡಿದರೆಂಬುದು ಅವರ ಬರಹದಲ್ಲಿ ಕಣ್ಣಿಗೆ ಕಟ್ಟುವಂತಿದೆ. ಆಕೆಗೆ ಏನನ್ನಿಸಿತೆಂಬುದು ಮಾತ್ರ ಗಂಡನ ಕಣ್ಣಿನ ಮೂಲಕವೇ ನಮಗೆ ಬರಬೇಕು. ಬೆರಿಲ್ ಬರೆಯಲು ಬಾರದವರಾಗಿದ್ದರೆ ಬೇರೆ ಮಾತು. ‘ದ ಸ್ಟಾರ್ಸ್ ಮೈ ಬ್ಲ್ಯಾಂಕೆಟ್’ (1954), ‘ವಿಂಟರ್ ಶೂಸ್ ಇನ್ ಸ್ಪ್ರಿಂಗ್‌ಟೈಮ್’ (1961) ಎಂಬ ಎರಡು ಪುಸ್ತಕಗಳು ಅವರವೇ. ಅವೆರಡೂ ನೆಲದ ಮೇಲಿನ ತಿರುಗಾಟದವು. ನೆಲ ಹೆಂಡತಿಗೆ, ಕಡಲು ಗಂಡನಿಗೆ ಎಂಬಂತೆ ಒಂದು ಮನೆಯಲ್ಲಿ ಲೇಖನಿ ಪಾಲಾಗಿದೆ. ಆ ಅಲೆ ಏಳುವಾಗ ಚುಕ್ಕಾಣಿಯಲ್ಲಿದ್ದವರು ಬೆರಿಲ್, ಮೈಲ್ಸ್ ಮೇಲಟ್ಟದಲ್ಲಿರಲಿಲ್ಲ. ಕಂಡವರೊಬ್ಬರು, ಬರೆದವರೊಬ್ಬರು.

ಇದು ನನಗೆ ಚುಚ್ಚುವುದಕ್ಕೆ ಕಾರಣವಿದೆ. ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಯೊಂದಕ್ಕೆ ನಮ್ಮ ತಂದೆ ತಾವು ಮಂಗಳೂರಿನಿಂದ ಹಡಗಿನಲ್ಲಿ ಮುಂಬಯಿಗೆ ಬಂದದ್ದನ್ನು ಬರೆದಿದ್ದರು. ಹಡಗಿನ ಹೊಗೆ, ಬಂದರಿನ ಗದ್ದಲ, ಮೊದಲ ಸಂಬಳ ಎಲ್ಲವೂ ಅದರಲ್ಲಿವೆ. ಅಮ್ಮನೂ ಅದೇ ಹಡಗಿನಲ್ಲಿ ಬಂದವರು. ವಾಂತಿಗೆಂದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಎರಡು ನಿಂಬೆಹಣ್ಣನ್ನು ಮೂಸುತ್ತಲೇ ದಾರಿ ಕಳೆದೆನೆಂದು ಅವರು ನನ್ನ ಹೆಂಡತಿಗೆ ಹೇಳಿದರು, ನನಗೆ ಅದೂ ಹೇಳಿರಲಿಲ್ಲ. ತಂದೆಯವರ ಲೇಖನದಲ್ಲಿ ‘ಸಂಸಾರ ಸಮೇತ’ ಎಂಬ ಎರಡು ಪದಗಳಿವೆ. ಕಟುವಾಗಿ ಹೇಳುತ್ತಿಲ್ಲ; ಆ ಕಾಲದ ರೂಢಿ ಅದು.

ಲಿನ್ ಪಾರ್ಡಿ ಆ ರೂಢಿಯನ್ನು ಮುರಿದರು. ಅಮೆರಿಕದ ಲಿನ್, ಕೆನಡದ ಲ್ಯಾರಿ ದಂಪತಿಗಳ ಮೊದಲ ದೋಣಿ ‘ಸೆರಾಫಿನ್’. ಉದ್ದ 24 ಅಡಿ 4 ಅಂಗುಲ. ಲ್ಯಾರಿಯೇ ಕಟ್ಟಿ 1968ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನೀರಿಗಿಳಿಸಿದ್ದು. ಅದರಲ್ಲಿ ಎಂಜಿನ್ನೇ ಇರಲಿಲ್ಲ. ಎದುರು ಗಾಳಿಯೆಂದರೆ ಬೇರೆಯವರು ಎಂಜಿನ್ ಹಚ್ಚಿ ಬಂದರು ಸೇರಿಕೊಳ್ಳಬಹುದು. ಇವರು ಓರೆಯಾಗಿ ಓಡಲೇಬೇಕು, ಇಲ್ಲವೆ ಕಾಯಬೇಕು. ಪುಸ್ತಕಗಳನ್ನು ಮುಖ್ಯವಾಗಿ ಬರೆದವರು ಲಿನ್. ‘ಕ್ರೂಸಿಂಗ್ ಇನ್ ಸೆರಾಫಿನ್’ (1976) ಮೊದಲುಗೊಂಡು ಆ ದೋಣಿಯ ಕಥೆಗಳು ಸಾಲಾಗಿ ಬಂದವು. ದೋಣಿಯನ್ನು ಬಲ್ಲ ಗಂಡನೊಡನೆ ಕಲಿಯುತ್ತ ಸಾಗುವ ಹೆಂಡತಿಯ ಕಣ್ಣು ಅಲ್ಲಿದೆ.

ಆಕೆಯ ಪುಸ್ತಕಗಳಲ್ಲಿ ನಾನು ಮೇಲಿಡುವುದು ವಿಮರ್ಶಕರು ಪಾಕಶಾಸ್ತ್ರವೆಂದು ಬದಿಗಿಡಬಹುದಾದ ಒಂದನ್ನು: ‘ದ ಕೇರ್ ಅಂಡ್ ಫೀಡಿಂಗ್ ಆಫ್ ದ ಆಫ್‌ಶೋರ್ ಕ್ರೂ’ (1980). ಜಪಾನಿನಿಂದ ಕೆನಡಕ್ಕೆ 49 ದಿನಗಳ ಪ್ರಯಾಣ. ದಿನದಿನಕ್ಕೂ ಗಾಳಿ ಹೇಗಿತ್ತು, ಏನು ಬೇಯಿಸಿದೆ, ಯಾವ ತರಕಾರಿ ಎಷ್ಟು ದಿನ ತಾಳಿತು ಎಂಬ ಲೆಕ್ಕ. ಕಡಲ ಸಾಹಿತ್ಯದಲ್ಲಿ ಅಡಿಗೆಯವರ ದಿನಚರಿ ನಾವಿಕನ ದಿನಚರಿಯೊಂದಿಗೆ ಒಂದೇ ಪಂಕ್ತಿಯಲ್ಲಿ ಕುಳಿತದ್ದನ್ನು ನಾನು ನೋಡಿದ್ದು ಅಲ್ಲಿಯೇ. ದೋಷಗಳೂ ಇವೆ. ಹೇಳಿಕೊಡುವ ಹುಮ್ಮಸ್ಸು ಲಿನ್‌ಗೆ ಹೆಚ್ಚು. ಭಯವೊಂದು ಪುಟಕ್ಕೆ ಬರುವಷ್ಟರಲ್ಲಿ ಅದಕ್ಕೆ ಪರಿಹಾರವೂ ಬಂದು ನಿಲ್ಲುತ್ತದೆ. ಮೈಲ್ಸರ ಗದ್ಯದಲ್ಲಿರುವ ಮೌನ ಇಲ್ಲಿಲ್ಲ. ಆದರೂ ಪರಿಹಾರಗಳು ಪೊಳ್ಳಲ್ಲ. ಬಿರುಗಾಳಿಯಲ್ಲಿ ಓಡದೆ, ದೋಣಿಯ ಮೂತಿಯನ್ನು ಗಾಳಿಗೆ ಓರೆಯಾಗಿ ಹಿಡಿದು, ಹಾಯಿ ಕುಗ್ಗಿಸಿ ನಿಂತಲ್ಲೇ ಕಾಯುವ ಕ್ರಮವನ್ನು ದಂಪತಿಗಳಿಬ್ಬರೂ ಸೇರಿ 1995ರಲ್ಲಿ ಪುಸ್ತಕವಾಗಿಯೇ ಬರೆದರು.

2002ರಲ್ಲಿ ಅವರೂ ಹಾರ್ನಿಗೆ ಹೋದರು. ಎರಡನೆಯ ದೋಣಿ ‘ಟ್ಯಾಲೀಸಿನ್’, ಲ್ಯಾರಿ ಕಟ್ಟಿದ್ದೇ, 29 ಅಡಿ 6 ಅಂಗುಲ, ಎಂಜಿನ್ ಇಲ್ಲ. ಮೂಡಣದಿಂದ ಪಡುವಣಕ್ಕೆ, ಇಬ್ಬರೇ. ಲ್ಯಾರಿಗೆ ಆಗ 62. 2020ರಲ್ಲಿ ಅವರು ತೀರಿಕೊಂಡ ಮೇಲೆ ಲಿನ್ ಪ್ರಕಟಿಸಿದ ‘ಪ್ಯಾಸೇಜಸ್’ (2022) ಆ ಪ್ರಯಾಣಕ್ಕೆ ಮರಳುತ್ತದೆ. ಇಬ್ಬರು ಕಂಡದ್ದನ್ನು ಒಬ್ಬರೇ ನೆನೆದು ಬರೆಯಬೇಕಾದ ಸ್ಥಿತಿ ಅದು. ಹಿಂದೆ ಬೆರಿಲ್ 1979ರಲ್ಲಿ ತೀರಿಕೊಂಡಾಗ ಆ ಸ್ಥಿತಿ ಮೈಲ್ಸರದಾಗಿತ್ತು.

ಓದಬೇಕೆನ್ನುವವರು ‘ವನ್ಸ್ ಈಸ್ ಇನಫ್’ನಿಂದ ಆರಂಭಿಸಿ, ಕೂಡಲೆ ಅದರ ಮಗ್ಗುಲಿಗೆ ಬೆರಿಲ್‌ರ ‘ವಿಂಟರ್ ಶೂಸ್’ ಇಟ್ಟುಕೊಳ್ಳುವುದು ಒಳ್ಳೆಯದು. ಲಿನ್‌ರ ಅಡಿಗೆಯ ಪುಸ್ತಕವನ್ನು ಎಲ್ಲಿಂದ ತೆರೆದರೂ ನಡೆಯುತ್ತದೆ. ಹಾಯಿಹಗ್ಗಗಳ ಹೆಸರು ಗೊತ್ತಿಲ್ಲವೆಂದು ಹೆದರಬೇಕಾಗಿಲ್ಲ, ನನಗೂ ಅರ್ಧದಷ್ಟು ಈಗಲೂ ಬಾರದು. ದಕ್ಷಿಣ ಅಮೆರಿಕದ ತುದಿಯ ಭೂಪಟ ಮಾತ್ರ ಕೈಗೆ ಸಿಗುವಂತಿರಲಿ.