ಆರು ಸಾಲಿಗೊಂದು ತೊಗರಿ

ದಾವಣಗೆರೆಯ ವಿದ್ಯಾನಗರದಲ್ಲಿ ಮನೆ, ಹಳ್ಳಿಯಲ್ಲಿ ಹೊಲ. ನಮ್ಮ ಬಡಾವಣೆಯ ಬಹಳಷ್ಟು ಮನೆಗಳ ಸಂಗತಿ ಇದೇ. ಡಾಕ್ಟರು, ವಕೀಲರು, ಕಾಲೇಜು ಮೇಷ್ಟ್ರು, ನಿವೃತ್ತ ಇಂಜಿನಿಯರು, ಯಾರನ್ನು ಕೇಳಿದರೂ ಆನಗೋಡು, ಮಾಯಕೊಂಡ, ಲೋಕಿಕೆರೆ, ಮಲೇಬೆನ್ನೂರು ಕಡೆ ಅಪ್ಪನಿಂದ ಬಂದ ನಾಲ್ಕೆಂಟು ಎಕರೆ ಇದ್ದೇ ಇರುತ್ತದೆ. ಭಾನುವಾರ ಹೋಗುತ್ತಾರೆ, ಬದುವಿನ ಮೇಲೆ ನಿಲ್ಲುತ್ತಾರೆ, ಮೆಕ್ಕೆಜೋಳ ಎಷ್ಟೆತ್ತರ ಬಂದಿದೆ ಎಂದು ನೋಡುತ್ತಾರೆ, ಎಕರೆಗೆ ಎಷ್ಟು ಕ್ವಿಂಟಲ್ ಆದೀತು ಎಂದು ಒಂದು ಪ್ರಶ್ನೆ ಕೇಳುತ್ತಾರೆ, ವಾಪಸ್ ಬರುತ್ತಾರೆ. ಯಾವ ಹೋಟೆಲಿನವನು ದೋಸೆಗೆ ಬೆಣ್ಣೆಯಲ್ಲಿ ಮೋಸ ಮಾಡುತ್ತಿದ್ದಾನೆ ಎಂದು ಒಂದು ತುತ್ತಿನಲ್ಲೇ ಹೇಳಬಲ್ಲ ಈ ಜನಕ್ಕೆ ಹೊಲದ ರುಚಿ ಮಾತ್ರ ಯಾಕೋ ಹತ್ತಿಲ್ಲ.

ಹೊಲ ನೋಡುವುದಕ್ಕೂ ಒಂದು ಕ್ರಮವಿದೆ. ನಾನು ಮುಖ್ಯ ಬೆಳೆಯನ್ನು ಕೊನೆಗೆ ನೋಡುತ್ತೇನೆ. ಮೊದಲು ಬದು: ಅದರ ಮೇಲೆ ಗ್ಲಿರಿಸಿಡಿಯಾ, ಹೊಂಗೆ, ಬೇವು ಏನಾದರೂ ಇದೆಯೋ, ಕಳೆನಾಶಕ ಹೊಡೆದು ಬೋಳು ಮಾಡಿದ್ದಾರೋ. ಆಮೇಲೆ ಮಣ್ಣು: ಒಂದು ಹೆಂಟೆ ಎತ್ತಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೋ, ಇಟ್ಟಿಗೆ ಚೂರಿನಂತೆ ಒಡೆಯುತ್ತದೋ. ಅದಾದ ಮೇಲೆ ಸಾಲುಗಳ ನಡುವೆ ಇಣುಕುತ್ತೇನೆ. ಅಕ್ಕಡಿ, ಅಂದರೆ ಮುಖ್ಯ ಬೆಳೆಯ ನಡುವೆ ಹಾಕುವ ಬೇರೆ ಕಾಳಿನ ಸಾಲು, ಇದೆಯೋ ಇಲ್ಲವೋ? ಆ ಹೊಲ ಮುಂದಿನ ಹತ್ತು ವರ್ಷ ಬಾಳುತ್ತದೋ ಬತ್ತುತ್ತದೋ ಎಂಬುದಕ್ಕೆ ಬಹುತೇಕ ಉತ್ತರ ಅಲ್ಲೇ ಸಿಗುತ್ತದೆ.

ನಮ್ಮ ಸೀಮೆಯ ಹಿಂದಿನ ಜೋಳದ, ರಾಗಿಯ ಹೊಲಗಳಲ್ಲಿ ಅಕ್ಕಡಿ ಸಾಲು ಇರಲೇಬೇಕಿತ್ತು. ತೊಗರಿ, ಅಲಸಂದೆ, ಅವರೆ, ಮಡಕೆ, ಗುರೆಳ್ಳು, ನಡುವೆ ಪಲ್ಯಕ್ಕೆ ಪುಂಡಿ, ಅಂಚಿಗೆ ಹರಳು. ಕೂರಿಗೆಯ ಹಿಂದೆ ಅಕ್ಕಡಿ ಕಾಳು ಬಿಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ಯಾವ ಕಾಳು, ಎಷ್ಟು ಸಾಲಿಗೊಮ್ಮೆ ಎಂಬ ತೀರ್ಮಾನವೂ ಬಹುಮಟ್ಟಿಗೆ ಅವರದೇ. ಮನೆಯ ಬೇಳೆ, ಎಣ್ಣೆ, ಚಟ್ನಿಪುಡಿ ಆ ಸಾಲುಗಳಿಂದ ಬರುತ್ತಿತ್ತು. ಮುಖ್ಯ ಬೆಳೆ ಕೈಕೊಟ್ಟ ವರ್ಷ ಸಂಸಾರ ದಾಟಿಸುತ್ತಿದ್ದುದೂ ಅದೇ. ‘ರೋಹಿಣಿ ಮಳೆಯಾದ್ರೆ ಓಣಿಯೆಲ್ಲಾ ಜೋಳ’ ಎನ್ನುತ್ತಿದ್ದ ನಮ್ಮ ಹಿರಿಯರು ರೋಹಿಣಿ ಬಾರದ ವರ್ಷಕ್ಕೂ ಒಂದು ಸಾಲು ಎತ್ತಿಟ್ಟಿರುತ್ತಿದ್ದರು.

ಆ ಜಾಗಕ್ಕೆ ಮೆಕ್ಕೆಜೋಳ ಹೇಗೆ ಬಂತು? ಬೈಯುವ ಮುಂಚೆ ಅದರ ಗುಣ ಒಪ್ಪಿಕೊಳ್ಳಬೇಕು. ದಾವಣಗೆರೆ ಹತ್ತಿಯ ಊರು. ಮಿಲ್ಲುಗಳಿದ್ದ ಕಾಲಕ್ಕೆ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದರು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ಹತ್ತಿಗೆ ಕಾಯಿಕೊರಕ ಮೆತ್ತಿಕೊಂಡಿತು, ಔಷಧಿ ಖರ್ಚು ಏರಿತು. ಆಗ ಬಂದ ಹೈಬ್ರಿಡ್ ಮೆಕ್ಕೆಜೋಳ ಹೆಚ್ಚು ಆಳು ಕೇಳಲಿಲ್ಲ, ಸ್ಪ್ರೇ ಕೇಳಲಿಲ್ಲ, ನಾಲ್ಕು ತಿಂಗಳಲ್ಲಿ ಕೈಗೆ ದುಡ್ಡು ಕೊಟ್ಟಿತು. ಕೋಳಿ ಆಹಾರದವರು, ಸ್ಟಾರ್ಚ್‌ನವರು, ಈಗ ಎಥೆನಾಲ್‌ನವರು ಕೊಳ್ಳಲು ನಿಂತಿದ್ದಾರೆ. ಮಸಾರಿಯಲ್ಲೂ ಬರುತ್ತದೆ, ಎರೆಯಲ್ಲೂ ಬರುತ್ತದೆ. ಇಷ್ಟು ಅನುಕೂಲದ ಬೆಳೆಯನ್ನು ರೈತ ಹಿಡಿದಿದ್ದರಲ್ಲಿ ದಡ್ಡತನವೇನೂ ಇಲ್ಲ.

ತೊಂದರೆ ಇರುವುದು ಅದೊಂದನ್ನೇ ಹಿಡಿದಿದ್ದರಲ್ಲಿ. ಮೆಕ್ಕೆಜೋಳ ಹೊಟ್ಟೆಬಾಕ ಬೆಳೆ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 100 ಕಿಲೊ ಸಾರಜನಕ. ಎಕರೆಗೆ 40 ಕಿಲೊ. ಯೂರಿಯಾ ಲೆಕ್ಕದಲ್ಲಿ 45 ಕಿಲೊದ ಎರಡು ಚೀಲ. ವರ್ಷವರ್ಷವೂ ಅದೇ ಹೊಲಕ್ಕೆ ಅದೇ ಬೆಳೆ, ಸಗಣಿಗೊಬ್ಬರದ ಸುದ್ದಿಯಿಲ್ಲ, ದಂಟನ್ನು ಹೊಲದಲ್ಲೇ ಸುಡುವುದು ಬೇರೆ. ಮಣ್ಣು ಜೀವ ಕಳೆದುಕೊಂಡಷ್ಟೂ ಚೀಲ ಏರುತ್ತದೆ. ಇದರ ಮೇಲೆ 2018ರಲ್ಲಿ ಫಾಲ್ ಸೈನಿಕ ಹುಳು ಬಂತು. ಅಮೆರಿಕ ಖಂಡದ ಈ ಕೀಟ 2016ರಲ್ಲಿ ಆಫ್ರಿಕಾ ಮುಟ್ಟಿತ್ತು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ, ಅಲ್ಲಿನ ಕೃಷಿ ಕಾಲೇಜಿನ ಕೀಟತಜ್ಞರು. ಸ್ಪ್ರೇ ಕೇಳದ ಬೆಳೆ ಎಂಬ ಮೆಕ್ಕೆಜೋಳದ ಹೆಗ್ಗಳಿಕೆ ಅವತ್ತಿಗೆ ಮುಗಿಯಿತು. ಇನ್ನು ಬೆಲೆ. 2025-26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿಳಿದು, ಖರೀದಿ ಕೇಂದ್ರ ತೆರೆಯಿರಿ ಎಂದು ರೈತರು ಬೀದಿಗಿಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಅದೇ ವರ್ಷ ತೊಗರಿಯ ಬೆಂಬಲ ಬೆಲೆ 8,000.

ಹಾಗೆಂದು ಮೆಕ್ಕೆಜೋಳ ಬಿಟ್ಟು ಪೂರ್ತಿ ತೊಗರಿ ಹಾಕಿ ಎನ್ನುವ ಹುಂಬತನ ನನಗಿಲ್ಲ. ನಾನು ಕೇಳುವುದು ಆರು ಸಾಲಿಗೆ ಒಂದು ಸಾಲು. ಇದರ ಚೆಲುವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ತೊಗರಿ ಮೊದಲ ಎರಡು ತಿಂಗಳು ಮೈಗಳ್ಳ. ಅತ್ತ ಮೆಕ್ಕೆಜೋಳ ಎದೆಯುದ್ದ ಬೆಳೆದು ನಿಂತಿದ್ದರೆ ಇತ್ತ ತೊಗರಿ ಮೊಣಕಾಲಿಗೂ ಬಂದಿರುವುದಿಲ್ಲ. ಬೆಳಕಿಗೆ, ನೀರಿಗೆ, ಗೊಬ್ಬರಕ್ಕೆ ಅಕ್ಕಪಕ್ಕದ ಸಾಲಿನ ಜೊತೆ ಜಗಳವಿಲ್ಲ. ಬೇರು ಮಾತ್ರ ಸದ್ದಿಲ್ಲದೆ ಆಳಕ್ಕಿಳಿಯುತ್ತಿರುತ್ತದೆ. ಮೆಕ್ಕೆಜೋಳದ ಬೇರು ಮುಟ್ಟದ ಕಡೆ ಹೋಗಿ ಗಟ್ಟಿ ಮಣ್ಣನ್ನು ಸೀಳುತ್ತದೆ. ನಲವತ್ತೈದು-ಐವತ್ತು ದಿನಕ್ಕೆ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ಅಕ್ಟೋಬರ್ ಹೊತ್ತಿಗೆ ಮೆಕ್ಕೆಜೋಳ ಮುರಿದು ಸಾಗಿಸಿದ ಮೇಲೆ ಇಡೀ ಹೊಲ ತೊಗರಿಯದು. ಎರಡೂ ಕಡೆ ಕೈ ಚಾಚಿ ಹಬ್ಬುತ್ತದೆ, ಹಿಂಗಾರಿನ ಒಂದೆರಡು ಮಳೆ ಸಿಕ್ಕರೆ ಸಾಕು, ಹೂ ಬಿಟ್ಟು ಕಾಯಿ ಕಟ್ಟುತ್ತದೆ, ಸಂಕ್ರಾಂತಿಯ ಆಸುಪಾಸಿಗೆ ಒಣಗುತ್ತದೆ. ಅಷ್ಟರಲ್ಲಿ ಉದುರಿದ ಎಲೆಯೆಲ್ಲ ಹೊಲಕ್ಕೇ. ಬೇರಿನ ಗಂಟುಗಳಲ್ಲಿ ಹಿಡಿದಿಟ್ಟ ಸಾರಜನಕದ ಒಂದು ಪಾಲು ಮುಂದಿನ ಬೆಳೆಗೆ. ಒಂದು ಬಿತ್ತನೆಗೆ ಎರಡು ಕಟಾವು, ಒಂದು ಮುಂಗಾರಿಗೆ, ಒಂದು ಹಿಂಗಾರಿಗೆ. ಒಂದು ಮಳೆ ಕೈಕೊಟ್ಟರೆ ಇನ್ನೊಂದು ಕಾಯುತ್ತದೆ.

ಇದು ನನ್ನ ಕಲ್ಪನೆಯಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2011ರಲ್ಲಿ ಹವಾಮಾನಕ್ಕೆ ಹೊಂದಿಕೊಳ್ಳುವ ಕೃಷಿಗೆಂದು ‘ನಿಕ್ರಾ’ ಯೋಜನೆ ಶುರುಮಾಡಿತು. ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಅದಕ್ಕೆ ಆರಿಸಿಕೊಂಡದ್ದು ದಾವಣಗೆರೆ ತಾಲ್ಲೂಕಿನ ಸಿದ್ದನೂರನ್ನು. ಅಲ್ಲಿ ಬದುವಿನ ಪಕ್ಕ ಕಂದಕ ತೋಡಿ ಓಡುವ ಮಳೆನೀರು ನಿಲ್ಲಿಸಿದರು, ಮೆಕ್ಕೆಜೋಳದ ನಡುವೆ ತೊಗರಿ ತಂದರು. ವಿದ್ಯಾನಗರದಿಂದ ಬೆಳಿಗ್ಗೆ ಹೊರಟು ನೋಡಿ ಊಟದ ಹೊತ್ತಿಗೆ ವಾಪಸ್ ಬರಬಹುದು. ಇಸ್ರೇಲಿಗೆ ಅಧ್ಯಯನ ಪ್ರವಾಸ ಹೋಗುವವರು ಮೊದಲು ಇಲ್ಲಿಗೊಮ್ಮೆ ಹೋಗಿಬರಲಿ.

ಹಾಗಿದ್ದರೆ ಎಲ್ಲ ಹೊಲದಲ್ಲೂ ಯಾಕಿಲ್ಲ? ಆನಗೋಡಿನ ಕಡೆ ಬೇರೆಯವರ ಹೊಲವನ್ನು ಲಾವಣಿಗೆ, ಅಂದರೆ ವರ್ಷದ ಗುತ್ತಿಗೆಗೆ, ಮಾಡುವ ಯಜಮಾನರೊಬ್ಬರನ್ನು ಕೇಳಿದೆ. ‘ತೊಗರಿ ಬ್ಯಾಡ ಅಂತ ಯಾರ್ ಅಂತಾರ ಸಾರ್? ಮೆಕ್ಕೆಜೋಳ ಮುರುದ್ ಮ್ಯಾಲೆ ಊರ ಕುರಿ, ದನ ಎಲ್ಲ ಹೊಲಕ್ಕ ಬಿಡ್ತಾರ. ನಂದೊಂದೇ ಸಾಲು ನಿಂತಿದ್ರೆ ಉಳೀತದಾ? ಮತ್ತ ಯುಗಾದಿಗೆ ಹೊಲ ನನ್ ಕೈಯಾಗ ಇರ್ತೈತೋ ಇಲ್ಲೋ. ಮುಂದಿನೋರ ಹೊಲಕ್ಕ ನಾನ್ಯಾಕ್ ಗೊಬ್ಬರ ಮಾಡ್ಲಿ?’

ಮೊದಲ ತೊಂದರೆಯನ್ನು ಊರವರು ಕೂತು ಮಾತಾಡಿ ಬಗೆಹರಿಸಿಕೊಳ್ಳಬಹುದು. ಎರಡನೆಯದು ಮಾತ್ರ ನೇರವಾಗಿ ವಿದ್ಯಾನಗರದ ಮನೆಬಾಗಿಲಿಗೆ ಬರುತ್ತದೆ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಗೇಣಿಯನ್ನು ರದ್ದು ಮಾಡಿತು. ಉಳುವವನೇ ಹೊಲದೊಡೆಯನಾದ. ಅದು ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಆ ಒಡೆಯರ ಮಕ್ಕಳು ಓದಿ ಪೇಟೆ ಸೇರಿದರು, ಹೊಲ ಮತ್ತೆ ಬೇರೆಯವರ ಕೈಗೆ ಹೋಯಿತು. ಕಾಗದ ಮಾಡುವಂತಿಲ್ಲ, ಹಾಗಾಗಿ ಎಲ್ಲವೂ ಬಾಯಿಮಾತು, ಎಲ್ಲವೂ ಒಂದು ವರ್ಷದ್ದು. ಹೊಲ ಹಿಡಿದಾನು ಎಂಬ ಹೆದರಿಕೆಯಿಂದ ಮಾಲೀಕ ವರ್ಷಕ್ಕೊಬ್ಬನನ್ನು ಬದಲಿಸುತ್ತಾನೆ. ಬಿತ್ತುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಪಹಣಿಯಿಲ್ಲದೆ ಸರ್ಕಾರದ ರೈತ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಇಲ್ಲ, ಅದಿಲ್ಲದೆ ಬೆಂಬಲ ಬೆಲೆಗೆ ಮಾರುವಂತಿಲ್ಲ, ಬೆಳೆ ಪರಿಹಾರ ಅವನ ಖಾತೆಗೆ ಬರುವುದಿಲ್ಲ. ಕೃಷಿಹೊಂಡ ತೋಡಿಸಲು ಅರ್ಜಿಯನ್ನೂ ಅವನು ಹಾಕುವಂತಿಲ್ಲ. ಒಂದೇ ವರ್ಷದ ಹೊಲಕ್ಕೆ ಯಾರಾದರೂ ಏನು ಹಾಕುತ್ತಾರೆ? ಬೇಗ ಬಂದು ಬೇಗ ದುಡ್ಡಾಗುವ ಬೆಳೆ, ಕೈಗೆ ಸಿಕ್ಕಷ್ಟು ಯೂರಿಯಾ. ಸುಸ್ಥಿರ ಕೃಷಿಯ ತರಬೇತಿಗಳೆಲ್ಲ ರೈತನಿಗೇ ನಡೆಯುತ್ತವೆ. ನನ್ನನ್ನು ಕೇಳಿದರೆ ಅವು ಮೊದಲು ನಡೆಯಬೇಕಾದದ್ದು ಇಲ್ಲಿ, ಲಾವಣಿ ಮಾತು ಮುಗಿಯುವ ನಮ್ಮ ಪಡಸಾಲೆಗಳಲ್ಲಿ.

ಪಡಸಾಲೆಯ ಇನ್ನೊಂದು ಚರ್ಚೆ ಅಡಿಕೆ. ‘ಲಾವಣಿ ರಗಳೆಯೇ ಬೇಡ, ಅಡಿಕೆ ಹಾಕಿಬಿಡೋಣ’ ಎನ್ನುವವರೇ ಎಲ್ಲ ಕಡೆ. ಚನ್ನಗಿರಿ ಹಿಂದಿನಿಂದಲೂ ಅಡಿಕೆಯ ನಾಡು, ಅದರ ಮಾತು ಬೇರೆ. ಈಗ ದಾವಣಗೆರೆಯ ಸುತ್ತ, ಭದ್ರಾ ನಾಲೆಯ ಕೊನೆಯಂಚಿನ ಗದ್ದೆಗಳಲ್ಲೂ ಸಸಿ ನಿಲ್ಲುತ್ತಿದೆ. ಲೆಕ್ಕ ನೋಡೋಣ. 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಗಿಡ. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಕೊಟ್ಟರೂ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್. ಎಕರೆಗೆ ದಿನಕ್ಕೆ ಹತ್ತು ಸಾವಿರ ಲೀಟರ್ ಅನ್ನಿ, ನಾಲ್ಕು ತಿಂಗಳಿಗೆ 12 ಲಕ್ಷ. ಭತ್ತ ಒಂದು ಹಂಗಾಮಿನಲ್ಲಿ ಕುಡಿಯುವುದು ಕಡಿಮೆಯೆಂದರೂ 120 ಸೆಂಟಿಮೀಟರ್ ನೀರು, ಎಕರೆಗೆ 48 ಲಕ್ಷ ಲೀಟರ್. ಅಡಿಕೆ ನೀರುಬಾಕ ಎಂದು ಕೂಗುವ ನನ್ನ ಪರಿಸರವಾದಿ ಗೆಳೆಯರಿಗೆ ಈ ಲೆಕ್ಕ ಹಿಡಿಸುವುದಿಲ್ಲ, ಆದರೆ ಲೆಕ್ಕ ಲೆಕ್ಕವೇ.

ಅಡಿಕೆಯ ದೋಷ ಬೇರೆ ಕಡೆ ಇದೆ. ಭತ್ತವನ್ನು ಒಂದು ಬೇಸಿಗೆ ಬಿಡಬಹುದು, ಅಡಿಕೆಯನ್ನು ಒಂದು ಬೇಸಿಗೆಯೂ ಬಿಡುವಂತಿಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಸಾಮರ್ಥ್ಯ 71.5 ಟಿಎಂಸಿ. ಅದು ತುಂಬುವುದು ಮಲೆನಾಡಿನ ಮಳೆಯ ಮೇಲೆ. 2023ರಲ್ಲಿ ಆ ಮಳೆ ಕೈಕೊಟ್ಟಾಗ ನೀರಿಗಾಗಿ ದಾವಣಗೆರೆಯಲ್ಲಿ ಬಂದ್ ಆಯಿತು. ಮರುವರ್ಷದ ಬೇಸಿಗೆಯಲ್ಲಿ ಭತ್ತದವರು ಗದ್ದೆ ಪಾಳು ಬಿಟ್ಟು ಸುಮ್ಮನಾದರೆ, ಅಡಿಕೆಯವರು ಟ್ಯಾಂಕರ್ ಹಿಂದೆ ಓಡಿದರು. ಹೊಸ ಬೋರು ಕೊರೆಸಿದವರು ಎಷ್ಟೋ ಮಂದಿ. ಬರಗಾಲದಲ್ಲಿ ಬೆಳೆ ಬಿಡುವ ಸ್ವಾತಂತ್ರ್ಯ ಒಕ್ಕಲುತನದ ದೊಡ್ಡ ಆಸ್ತಿ. ನಾಲೆಯ ಕೊನೆಯಂಚಿನಲ್ಲಿ ಅಡಿಕೆ ನೆಡುವವನು ಅದನ್ನು ಮೂವತ್ತು ವರ್ಷಕ್ಕೆ ಅಡವಿಡುತ್ತಾನೆ.

ಹರಿಹರದ ಗದ್ದೆ ಬಯಲಿನವರಿಗೆ ಭತ್ತ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ, ಹೇಳಬೇಕಾದ್ದೂ ಇಲ್ಲ. ನಾಟಿಗೆ ಮುಂಚೆ ಡಯಾಂಚ ಇಲ್ಲವೆ ಸೆಣಬು ಚೆಲ್ಲಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಗೊಬ್ಬರದ ಅಂಗಡಿಯ ಸಾಲ ಸ್ವಲ್ಪ ಇಳಿಯುತ್ತದೆ. ನಾಲೆ ನೀರು ತಡವಾಗುವ ಕೊನೆಯಂಚಿನಲ್ಲಿ ಕೂರಿಗೆ ಭತ್ತ ಒಳ್ಳೆಯದು. ಹಾನಗಲ್ ಕಡೆ ಅದು ತಲೆಮಾರುಗಳ ರೂಢಿ, ನಮ್ಮಲ್ಲಿ ಹೊಸ ತಂತ್ರಜ್ಞಾನ ಎಂಬ ಹೆಸರಲ್ಲಿ ವಾಪಸ್ ಬರುತ್ತಿದೆ.

ಜಗಳೂರಿನ ಮಾತು ಬಂದರೆ ಎಲ್ಲರೂ ಸಿರಿಧಾನ್ಯ ಎನ್ನುತ್ತಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ಕರ್ನಾಟಕದ ರೈತಸಿರಿ ಯೋಜನೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. ನವಣೆ ಮೂರು ತಿಂಗಳ ಬೆಳೆ, ಕಡಿಮೆ ಮಳೆಗೂ ಬರುತ್ತದೆ, ತೆನೆ ಬಾಗಿದ ನವಣೆ ಹೊಲದಷ್ಟು ಚೆಂದ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಆದರೆ ನವಣೆ ಬೆಳೆಯುವುದಕ್ಕಿಂತ ಅದರ ಸಿಪ್ಪೆ ಬಿಡಿಸುವುದು ಕಷ್ಟ. ಊರಿಗೆ ಹತ್ತಿರದಲ್ಲೊಂದು ಗಿರಣಿ ಬರುವವರೆಗೆ ಅದರ ಲಾಭ ಚೆಂದದ ಪ್ಯಾಕೆಟ್ ಮಾಡುವವನಿಗೇ. ತುಂಗಭದ್ರೆಯ ನೀರು ತಂದು ಜಗಳೂರು ಸೀಮೆಯ 57 ಕೆರೆ ತುಂಬಿಸುವ ಯೋಜನೆಯಿಂದ ಅಲ್ಲಿನ ಬಾವಿ, ಬೋರುಗಳಿಗೆ ಜೀವ ಬಂದರೆ ಸಂತೋಷ. ಆ ನೀರು ಕಂಡೊಡನೆ ಅಲ್ಲಿಯೂ ಅಡಿಕೆ ಸಸಿ ಇಳಿಯದಿದ್ದರೆ ಇನ್ನೂ ಸಂತೋಷ.

ಹೊಲವಿರುವ ವಿದ್ಯಾನಗರದವರಲ್ಲಿ ನನ್ನದೊಂದು ಕೋರಿಕೆ. ಈ ಯುಗಾದಿಗೆ ಲಾವಣಿಯ ಮಾತಿಗೆ ಕೂತಾಗ ವರ್ಷದ ಲೆಕ್ಕ ಬಿಟ್ಟು ಮೂರು ವರ್ಷಕ್ಕೆ ಮಾತು ಕೊಡಿ, ಕೊಟ್ಟ ಮಾತಿಗೆ ನಿಲ್ಲಿ. ಬದು, ಕಂದಕ, ಕೃಷಿಹೊಂಡದ ಅರ್ಜಿ ನಿಮ್ಮ ಹೆಸರಲ್ಲೇ ಹಾಕಬೇಕು, ನೀವೇ ಓಡಾಡಿ ಮಾಡಿಸಿ. ಪರಿಹಾರದ ದುಡ್ಡು ನಿಮ್ಮ ಖಾತೆಗೆ ಬಿದ್ದರೆ ಬಿತ್ತಿದವನಿಗೆ ತಲುಪಿಸಿ. ಆರು ಸಾಲಿಗೊಂದು ತೊಗರಿ ಹಾಕುವಂತೆ ಹೇಳಿ, ಆ ಸಾಲಿನ ತೊಗರಿಗೆ ಮಾತ್ರ ಪಾಲು ಕೇಳಬೇಡಿ.